ಮನೆಗೊಂದು ಕೈ

ಫೆಬ್ರವರಿ 12, ಭಾನುವಾರ

ಕಂಪನಿಯವರು ಕೊಟ್ಟ ಮಾತುಗಳು: ಸ್ಮಶಾನದ ಮಣ್ಣು ಮುಟ್ಟುವುದಿಲ್ಲ. ಕಾಲೋನಿಯಿಂದ ಸ್ಮಶಾನಕ್ಕೆ ಹೆಣ ಹೊತ್ತು ಹೋಗುವಷ್ಟು ದಾರಿ ಬಿಡುತ್ತೇವೆ. ದಾರಿಗೆ ಗೇಟು ಹಾಕುವುದಿಲ್ಲ. ಮನೆಗೊಬ್ಬರಿಗೆ ಕೆಲಸ ಕೊಡುತ್ತೇವೆ.

ಕೊಡದೆ ಹೋದದ್ದು: ದಾರಿ. ಎರಡಾಳೆತ್ತರದ ಕಾಂಪೌಂಡು ಎದ್ದಿದೆ, ಅದಕ್ಕೊಂದು ಕಬ್ಬಿಣದ ಗೇಟು. ಗೋಡೆಯೊಳಗೆ ಅವರ ಡೇಟಾ ಸೆಂಟರು, ಅದರ ಬೆನ್ನ ಹಿಂದೆ ನಮ್ಮ ಹೆಣಗಳು. ತಾಲ್ಲೂಕು ಆಫೀಸಿಗೆ ಹೋಗಿ ಕೇಳಿದರೆ, "ದಾಖಲೆಯಲ್ಲಿ ಅದು ಗೋಮಾಳ ಕಣಮ್ಮ" ಅಂದರು. ತಲೆತಲಾಂತರದಿಂದ ಹೂತವರು ಯಾವನ ಕಣ್ಣಿಗೂ ಬಿದ್ದಿಲ್ಲ. ಬದುಕಿದ್ದಾಗಲೇ ಕಾಣದವರು ಸತ್ತ ಮೇಲೆ ಕಾಣುತ್ತೇವೆಯೇ?

ಇವತ್ತು ಬೇವಿನ ಮರದ ಕೆಳಗೆ ಹೋರಾಟ ಸಮಿತಿಯ ಸಭೆ. ತಮಟೆ ಹೊಡೆದು ಸಾರಿದ್ದೆವು. ಮನೆಗೊಬ್ಬರು ಬಂದರು, ಒಂದು ಮನೆಯೂ ತಪ್ಪಲಿಲ್ಲ. ಇದು ನಮ್ಮ ಅಪ್ಪ ಚಿಕ್ಕವೆಂಕಟಪ್ಪ ಮಾಡಿದ ಕಟ್ಟಳೆ. ನಾನು ಚಿಕ್ಕವಳಿದ್ದಾಗ ಇಬ್ಬರು ಮುಖಂಡರು ಐಬಿಯಲ್ಲಿ ಕೂತು, ಬಿರಿಯಾನಿ ತಿಂದು, ನಮ್ಮ ದರಖಾಸ್ತು ಜಮೀನನ್ನು ಬರೆದುಕೊಟ್ಟು ಬಂದಿದ್ದರು. ಅವತ್ತು ಅಪ್ಪ ಇದೇ ಮರದ ಕೆಳಗೆ ನಿಂತು, "ಇನ್ನು ಮ್ಯಾಕೆ ಮನೆಗೊಬ್ರು ಬಂದು ಕೈ ಎತ್ತಿದ್ರೆ ತೀರ್ಮಾನ. ಒಂದು ಮನೆ ಕಮ್ಮಿಯಾದ್ರೂ ಇಲ್ಲ" ಅಂದ. ಆ ಕಟ್ಟಳೆ ನಮ್ಮನ್ನು ಮೂವತ್ತು ವರ್ಷ ಕಾಯ್ದಿದೆ. ಕೊಂಡುಕೊಳ್ಳುವವನಿಗೆ ಇಬ್ಬರು ಸಾಕು. ಊರಿಗೆ ಊರನ್ನೇ ಯಾವನು ಕೊಂಡಾನು?

ಚರ್ಚೆಗೆ ಬಂದದ್ದು, ಅವರು ಕೊಡುವ ಕೆಲಸಕ್ಕೆ ಸೇರಬೇಕೋ ಬೇಡವೋ ಎಂಬುದು. ಬೈರಣ್ಣ ಎದ್ದು ನಿಂತ. "ಕೆಲಸ ಅವ್ರಪ್ಪನ ಮನೆ ಭಿಕ್ಷೆ ಅಲ್ಲ ಕಣ್ರೋ, ನಾವು ಕೇಳಿ ತಗಂಡಿರಾದು. ಒಳೀಕ್ ನುಗ್ಗಾಣ. ಗೋಡೆ ಒಳಗಡೆಯಿಂದ ಒಡೆಯಾದೇ ಸುಲಭ." ಎಲ್ಲರೂ ನಕ್ಕರು. ಎಲ್ಲ ಕೈಗಳೂ ಎದ್ದವು. ಸಂಚಾಲಕಿ ನಾನು, ನನ್ನದೂ ಎದ್ದಿತು.

ಮನೆಗೆ ಬಂದಾಗ ಅಪ್ಪ ಉಬ್ಬಸಪಡುತ್ತಾ ಗೋಡೆಗೆ ಒರಗಿದ್ದ. "ನಿಮ್ಮವ್ವನ ಮಗ್ಗುಲಲ್ಲಿ ಒಂದಾಳು ಜಾಗ ಬಿಟ್ಟು ಕಲ್ಲು ಮಡಗಿವ್ನಿ ಅನುಸೂಯಾ. ಅದು ನಂದು. ಬ್ಯಾರೆ ಎಲ್ಲೂ ಹಾಕ್ಬೇಡ."

"ಇಲ್ಲೇ ಇರ್ತೀಯ ಬಿಡಪ್ಪ."

"ಇರಾದು ಕೇಳಿಲ್ಲ ಕಣಮ್ಮ. ಮಲಗಾದು ಕೇಳ್ತಿವ್ನಿ."

ಮಾತು ಕೊಟ್ಟೆ.

ಮಾರ್ಚ್ 6, ಸೋಮವಾರ

ಒಳಗೆ ಕಾಲಿಟ್ಟೆ. ಹೌಸ್ ಕೀಪಿಂಗ್. ಕತ್ತಿಗೆ ಐಡಿ ಕಾರ್ಡು, ಮೈಗೆ ನೀಲಿ ಅಂಗಿ. ಗೇಟಿನಲ್ಲಿ ಫೋನು ಕಿತ್ತುಕೊಂಡು ಪೆಟ್ಟಿಗೆಯಲ್ಲಿ ಇಡುತ್ತಾರೆ. ಆಮೇಲೆ ಒಂದು ಬಾಗಿಲು. ಅದು ಮುಚ್ಚಿಕೊಂಡರೇನೇ ಮುಂದಿನ ಬಾಗಿಲು ತೆರೆಯುವುದು. ನಡುವೆ ಗಾಜಿನ ಗೂಡಿನಲ್ಲಿ ಒಬ್ಬೊಬ್ಬರೇ ನಿಲ್ಲಬೇಕು. ನೆಲದ ಮೇಲೊಂದು ಅಂಟಿನ ಹಾಳೆ, ಚಪ್ಪಲಿಯ ಮಣ್ಣನ್ನೆಲ್ಲ ಕಿತ್ತುಕೊಳ್ಳುತ್ತದೆ. ನಮ್ಮ ನೆಲ ತಗೊಂಡರು ಸರಿ, ಕಾಲಿಗಂಟಿದ ಮಣ್ಣನ್ನೂ ಬಿಡರು.

ಹಾಲ್ ಅನ್ನುತ್ತಾರೆ. ರಾಗಿ ಹೊಲದಷ್ಟು ದೊಡ್ಡದು. ಕಿಟಕಿಯಿಲ್ಲ, ಹಗಲು ರಾತ್ರಿಯಿಲ್ಲ. ಆಳೆತ್ತರದ ಕಪ್ಪು ಬೀರುಗಳು ಸಾಲುಸಾಲು, ಒಳಗೆ ಪುಟ್ಟಪುಟ್ಟ ಹಸಿರು ದೀಪ. ಒಂದು ಸಾಲಿನಲ್ಲಿ ನಡೆದರೆ ಮೈ ನಡುಗುವ ಚಳಿ, ಪಕ್ಕದ ಸಾಲಿಗೆ ತಿರುಗಿದರೆ ಒಲೆಯ ಬಾಯಿ. ಸದ್ದು ಎಷ್ಟೆಂದರೆ ಪಕ್ಕದಲ್ಲಿ ನಿಂತವಳನ್ನೂ ಕೂಗಿ ಮಾತಾಡಿಸಬೇಕು. ಎಷ್ಟು ಸಾಲು ನಡೆದರೂ ಮನುಷ್ಯನ ಮುಖ ಕಾಣದು. ಇಷ್ಟು ದೊಡ್ಡ ಕಟ್ಟಡ, ಕೂರಲು ಒಂದು ಕುರ್ಚಿಯಿಲ್ಲ.

ಶ್ರೀಧರ್ ಅಂತ ಒಬ್ಬ ಎಂಜಿನಿಯರ್ ಹುಡುಗ, ಕೋಲಾರದ ಕಡೆಯವನು, ತಾನಾಗಿ ಹೇಳಿದ. "ಇದರಲ್ಲಿ ಏನಿದೆ ಗೊತ್ತೇನಮ್ಮ? ಪ್ರಪಂಚದ ಜನ ತೆಗೆದ ಫೋಟೋ, ಬರೆದ ಕಾಗದ, ಆಡಿದ ಮಾತು. ಸತ್ತೋದವ್ರದ್ದೂ ಇದೆ. ಒಂದು ಕಡೆ ಕೆಟ್ರೆ ಇನ್ನೊಂದ್ ಕಡೆ ಕಾಪಿ ಇರುತ್ತೆ. ಏನೂ ಕಳೆದೋಗಲ್ಲ."

ನಮ್ಮವ್ವನಿಗೆ ಫೋಟೋ ಇಲ್ಲ. ಅವಳಿಗಿರುವುದು ಗೋಡೆಯಾಚೆಯ ಆ ಮಣ್ಣಿನ ದಿಬ್ಬ ಒಂದೇ. ಯಾವ ದೇಶದವನೋ ಮದುವೆಯಲ್ಲಿ ತಿಂದ ಊಟದ ಪಟಕ್ಕೆ ಇಷ್ಟು ಕಾವಲು, ಇಷ್ಟು ತಂಪು. ನಮ್ಮ ಹೆಣಕ್ಕೆ ದಾರಿಯಿಲ್ಲ. ಥೂ ಇವರ ಜನ್ಮಕ್ಕೆ.

ಮಧ್ಯಾಹ್ನ ಕಸ ಹಾಕಲು ಹಿಂದಿನ ಅಂಗಳಕ್ಕೆ ಹೋದಾಗ ಕಂಡಿತು. ಬಸ್ಸಿನಷ್ಟು ದೊಡ್ಡ ಜನರೇಟರುಗಳ ಸಾಲು. ಅದರ ಹಿಂದೆ ನಮ್ಮ ಹೊಂಗೆ ಮರ, ಅದರಡಿಯಲ್ಲಿ ನಮ್ಮವರು. ಹತ್ತಿರ ಹೋಗಲು ಬಿಡಲಿಲ್ಲ. "ಆ ಕಡೆ ನಿಮ್ ಕಾರ್ಡಿಗೆ ಪರ್ಮಿಷನ್ ಇಲ್ಲ" ಅಂದ ಸೆಕ್ಯುರಿಟಿ. ಅವನೂ ನಮ್ಮ ಕಾಲೋನಿಯ ಗೋಪಾಲಪ್ಪನೇ. ಅವನಪ್ಪನೂ ಅಲ್ಲೇ ಮಲಗಿದ್ದಾನೆ.

ಕಿವಿಯಲ್ಲಿ ಇನ್ನೂ ಅದೇ ಗುಂಯ್‌ಗುಡುವ ಸದ್ದು. ನಿದ್ದೆ ಬರುತ್ತಿಲ್ಲ.

ಮಾರ್ಚ್ 19, ಭಾನುವಾರ

ಸಭೆ ಆಗಲಿಲ್ಲ. ಒಂಬತ್ತು ಮನೆಯವರು ಡ್ಯೂಟಿಯಲ್ಲಿದ್ದರು. ಹನ್ನೆರಡು ಗಂಟೆಯ ಪಾಳಿ, ವಾರಕ್ಕೊಮ್ಮೆ ಹಗಲು ರಾತ್ರಿ ಅದಲುಬದಲು. ಬದಲಿಗೆ ಮನೆಯ ಬೇರೆಯವರು ಬರಬಹುದಿತ್ತು. ಅವರು, "ನಾಳೆ ಅವ್ನ ಕೆಲಸಕ್ಕೆ ಸಂಚಕಾರ ಬಂದ್ರೆ? ಅವ್ನೇ ಬಂದು ಕೈ ಎತ್ತಲಿ" ಅಂದರು.

ಬೈರಣ್ಣ ತಮಟೆ ಕೆಳಗಿಟ್ಟ. "ಇರೋರೇ ಎತ್ತಿ ಮುಗಿಸಾಣ."

ಆಗುವುದಿಲ್ಲ ಅಂದೆ. ಕಟ್ಟಳೆ ಮುರಿದರೆ ಅವರಿಗೂ ನಮಗೂ ಏನು ವ್ಯತ್ಯಾಸ?

ಏಪ್ರಿಲ್ 3, ಸೋಮವಾರ

ಎರಡು ಸಭೆ ಹಾಳಾದವು. ನಾನೇ ಒಂದು ದಾರಿ ಹುಡುಕಿದೆ. ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಎದುರು ಗಂಗಲಕ್ಷ್ಮಮ್ಮನ ಟೀ ಅಂಗಡಿ ಹತ್ತಿರ ಸೇರುವುದು. ಹೋಗುವವರೂ ಬರುವವರೂ ಅಲ್ಲೇ ಸಿಗುತ್ತಾರೆ. ಬೇವಿನ ಮರ ಏನು ನಮಗೆ ಗಂಟುಬಿದ್ದಿದೆಯೇ? ಜನ ಎಲ್ಲೋ ಸಭೆ ಅಲ್ಲಿ.

ಇವತ್ತು ಸೇರಿದೆವು. ಸರಿಯಾಗಿ ಮಾತು ಶುರುವಾಗುವಾಗ ಸೆಕ್ಯುರಿಟಿಯವರು ಬಂದು, "ಗೇಟಿನ ಮುಂದೆ ಗುಂಪು ಸೇರೋ ಹಾಗಿಲ್ಲ" ಅಂದರು.

ಗಂಗಲಕ್ಷ್ಮಮ್ಮ ಸೌಟು ಹಿಡಿದು ಎದ್ದಳು. "ಗುಂಪಲ್ಲ ಕಣಯ್ಯಾ, ಗಿರಾಕಿ. ನೀನೇ ನನ್ ಟೀ ಕುಡ್ದು ವಾರ ಆಯ್ತು, ದುಡ್ಡು ಕೊಟ್ಟೆಯಾ?"

ನಕ್ಕೆವು. ಆದರೆ ಒಳಗೆ ಹೋಗುವವರಿಗೆ ಹೊತ್ತಾಗಿತ್ತು. ಒಬ್ಬೊಬ್ಬರೇ ಜಾರಿಕೊಂಡರು.

ಏಪ್ರಿಲ್ 14, ಶುಕ್ರವಾರ

ಬಾಬಾಸಾಹೇಬರ ಜಯಂತಿ. ಕಂಪನಿಯ ಕ್ಯಾಂಟೀನಿನಲ್ಲಿ ಫೋಟೋ ಇಟ್ಟು ಹಾರ ಹಾಕಿದ್ದರು. ಮೈಸೂರು ಪಾಕು ಹಂಚಿದರು. ಅಕ್ಷತ ಅಂತ ಒಬ್ಬಳು, ಊರಿನವರ ಜೊತೆ ಮಾತಾಡಲೆಂದೇ ಇಟ್ಟುಕೊಂಡಿರುವ ಆಫೀಸರು, ಸಂವಿಧಾನದ ಪೀಠಿಕೆ ಓದಿಸಿದಳು. ನನಗೆ ಮೈ ಉರಿಯಿತು. ಸಮಾನತೆ ಅಂತ ಓದಿಸುವ ಬಾಯಿ, ಗೇಟು ತೆಗೆ ಅಂದರೆ ಮುಚ್ಚಿಕೊಳ್ಳುತ್ತದೆ.

ಅದನ್ನೇ ಮುಖಕ್ಕೆ ಹೇಳಿದೆ. ಅವಳು ಸಿಟ್ಟಾಗಲಿಲ್ಲ. "ನಿಮ್ ಸಿಟ್ಟು ನ್ಯಾಯ ಅಕ್ಕ. ಆದ್ರೆ ಬಿಸಿಲಲ್ಲಿ, ರೋಡಲ್ಲಿ ನಿಂತ್ಕೊಂಡು ಯಾಕೆ ಮೀಟಿಂಗ್ ಮಾಡ್ತೀರ? ಕ್ಯಾಂಟೀನ್ ನಾಲ್ಕು ಗಂಟೆಗೆ ಖಾಲಿ ಇರುತ್ತೆ. ಎಲ್ಲರಿಗೂ ಅರ್ಧ ಗಂಟೆ ಬಿಡುವು ಕೊಡಿಸ್ತೀನಿ. ನಾವ್ಯಾರೂ ಆ ಕಡೆ ತಲೆ ಹಾಕಲ್ಲ."

ಮೈಸೂರು ಪಾಕು ಮೇಜಿನ ಮೇಲೇ ಬಿಟ್ಟು ಎದ್ದೆ. ಫೋಟೋ ಮಾತ್ರ ಚೆನ್ನಾಗಿತ್ತು. ನಮ್ಮ ಬೇವಿನ ಮರದ ಹತ್ತಿರದ್ದು ಬಿಸಿಲಿಗೆ ಬಣ್ಣ ಹೋಗಿದೆ.

ಮೇ 16, ಮಂಗಳವಾರ

ಫೆಬ್ರವರಿಯ ನಂತರ ಮೊದಲ ಬಾರಿಗೆ ಪೂರ್ಣ ಸಭೆ! ಮನೆಗೊಬ್ಬರು. ಒಂದು ಮನೆಯೂ ತಪ್ಪಲಿಲ್ಲ.

ಕ್ಯಾಂಟೀನ್ ಬೇಡವೇ ಬೇಡ ಅಂತ ಬೈರಣ್ಣ ಒಂದು ತಿಂಗಳು ಹಟ ಹಿಡಿದಿದ್ದ. ನಾನು ಕೇಳಿದೆ: ಅವರ ನೆಲದಲ್ಲಿ ನಿಂತು ಅವರ ವಿರುದ್ಧ ಮಾತಾಡುವುದು ಸೋಲೋ ಗೆಲುವೋ? ಒಳಗಿನಿಂದ ಗೋಡೆ ಒಡೆಯೋಣ ಅಂದವನು ನೀನೇ ಅಲ್ಲವೇ? ಬೈದುಕೊಂಡೇ ಒಪ್ಪಿದ.

ರಾತ್ರಿ ಪಾಳಿಯವರಿಗೂ ವ್ಯಾನ್ ಕಳಿಸಿ ಕರೆಸಿದ್ದರು. ಫ್ಯಾನು, ಕುಡಿಯುವ ನೀರು, ಎಲ್ಲ ಅಚ್ಚುಕಟ್ಟು. ಒಂದೇ ತೊಡಕು, ಕಾರ್ಡಿಲ್ಲದವರನ್ನು ಗೇಟಿನೊಳಗೆ ಬಿಡಲಿಲ್ಲ. ಅಪ್ಪ ಉಬ್ಬಸದಲ್ಲೇ ನಡೆದು ಬಂದಿದ್ದ. ಅವನಿಗೆ ಹೊರಗಡೆ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದೆ. ನಮ್ಮ ಮನೆಯ ಕೈ ನಾನೇ ಎತ್ತಬಹುದಲ್ಲ, ಆದ್ದರಿಂದ ಕಟ್ಟಳೆಗೇನೂ ಊನವಾಗಲಿಲ್ಲ.

ಒಂದು ತೀರ್ಮಾನವೂ ಆಯಿತು, ಅಕ್ಷತ ಕಂಪನಿಯಿಂದ ತಂದ ಮಾತನ್ನು ಒಪ್ಪುವುದೆಂದು. ಹಿರಿಯರ ಹಬ್ಬದ ದಿನ ಕಾರ್ಡಿರುವವರು ಸ್ಮಶಾನಕ್ಕೆ ಹೋಗಿ ಎಡೆ ಇಡಬಹುದು. ಮಣ್ಣು ಮಾಡುವ ವಿಚಾರಕ್ಕೆ ಮೂರು ದಿನ ಮುಂಚೆ ತಿಳಿಸಿದರೆ ಪರಿಶೀಲಿಸುತ್ತಾರೆ. ಇದು ಪೂರ್ತಿ ಗೆಲುವಲ್ಲ, ನನಗೆ ಗೊತ್ತು. ಆದರೆ ಗೋಡೆಯಲ್ಲೊಂದು ಬಿರುಕು.

ಬೈರಣ್ಣ ಮೇಜು ಗುದ್ದಿದ. "ಸಾಯಾಕೆ ಮೂರು ದಿನ ಮುಂಚೆ ಅರ್ಜಿ ಹಾಕ್ಬೇಕೇನ್ಲಾ? ಹೆಣಕ್ಕೂ ಗೇಟ್ ಪಾಸಾ?" ಕೊನೆಗೆ ಎಲ್ಲರೂ ಅವನ ಮುಖ ನೋಡುತ್ತಾ ಕೂತಾಗ ಅವನ ಕೈಯೂ ಎದ್ದಿತು, ಅರ್ಧಕ್ಕೆ.

ಹೊರಗೆ ಬಂದಾಗ ಅಪ್ಪ ಕೇಳಿದ್ದು ಒಂದೇ ಮಾತು. "ಟೀ ಚೆನ್ನಾಗಿತ್ತೇನಮ್ಮ?"

ಜೂನ್ 1, ಗುರುವಾರ

ಬೈರಣ್ಣನ ಕಾರ್ಡು ಗೇಟಿನಲ್ಲಿ ಕೆಂಪು ದೀಪ ತೋರಿಸಿತಂತೆ. ಕೆಲಸ ಹೋಗಿದೆ. ಸೂಪರ್‌ವೈಸರ್ ಜೊತೆ ಜಗಳ ಅನ್ನುತ್ತಾರೆ. ಅನ್ಯಾಯ. ಅಕ್ಷತಳಿಗೆ ಕಟುವಾಗಿಯೇ ಹೇಳಿದ್ದೇನೆ. ವಿಚಾರಿಸುತ್ತೇನೆ ಅಂದಳು.

ಮುಂದಿನ ಸಭೆಗೆ ಅವನು ಬರುವಂತಿಲ್ಲ. ಆ ಮನೆಯಿಂದ ಕಾರ್ಡು ಇರುವವರು ಬೇರೆ ಯಾರೂ ಇಲ್ಲ. ಕಾರ್ಡಿಲ್ಲದ ಮನೆಯನ್ನು ಲೆಕ್ಕಕ್ಕೆ ಹಿಡಿದರೆ ಇನ್ನು ಯಾವತ್ತೂ ಪೂರ್ಣ ಸಭೆಯಾಗದು. ಸದ್ಯಕ್ಕೆ ಆ ಮನೆಯನ್ನು ಬಿಟ್ಟು ಎಣಿಸಬೇಕಾಗಿದೆ. ಸದ್ಯಕ್ಕೆ ಮಾತ್ರ.

ಜುಲೈ 9, ಭಾನುವಾರ

ಅಪ್ಪನಿಗೆ ಉಬ್ಬಸ ಜಾಸ್ತಿ. ನನ್ನ ಮಗಳು ಸಂಘಮಿತ್ರ ಹೊಸಕೋಟೆಯ ಕಾಲೇಜಿಗೆ ಹೋಗದೆ ಎರಡು ದಿನದಿಂದ ಅವನ ಹತ್ತಿರವೇ ಇದ್ದಾಳೆ. ಸೂಲಿಬೆಲೆ ಆಸ್ಪತ್ರೆಯಿಂದ ಮಾತ್ರೆ ತಂದಿದ್ದಾಳೆ. ನನಗೆ ರಜೆ ಸಿಗಲಿಲ್ಲ. ನಾಲ್ಕನೇ ಹಾಲ್‌ನಲ್ಲಿ ತಂಪು ಹಾಕುವ ಯಂತ್ರ ಕೆಟ್ಟು ಎರಡು ಡಿಗ್ರಿ ಏರಿತ್ತು. ಎಲ್ಲರೂ ಓಡಿಬಂದರು. ಶ್ರೀಧರ್ ಬೆವೆತುಹೋಗಿದ್ದ. ನಾವೂ ಫ್ಯಾನುಗಳನ್ನು ತಳ್ಳಿ ತಂದು ಸಾಲಿನ ಬಾಯಿಗೆ ನಿಲ್ಲಿಸಿದೆವು. ಎರಡು ಗಂಟೆಯೊಳಗೆ ಹಾಲ್ ಉಸಿರಾಡಿತು. ಶ್ರೀಧರ್ ಎಲ್ಲರ ಎದುರಿಗೇ, "ಅನುಸೂಯಮ್ಮ ಇಲ್ದಿದ್ರೆ ಕಷ್ಟ ಇತ್ತು" ಅಂದ.

ಇಲ್ಲಿ ಮನೆಯಲ್ಲಿ ವಿಪರೀತ ನಿಶ್ಶಬ್ದ. ಅಪ್ಪನ ಕೆಮ್ಮು ಬಿಟ್ಟರೆ ಏನೂ ಇಲ್ಲ. ಆ ಗುಂಯ್ ಇಲ್ಲದೆ ನಿದ್ದೆ ಹತ್ತುವುದಿಲ್ಲ.

ಜುಲೈ 25, ಮಂಗಳವಾರ

ಕ್ಯಾಂಟೀನ್ ಸಭೆ. ಪೂರ್ಣ. ವಿಶೇಷವೇನಿಲ್ಲ. ಮಳೆ.

ಆಗಸ್ಟ್ 22, ಮಂಗಳವಾರ

ಅಪ್ಪ ಹೋದ.

ಆಗಸ್ಟ್ 23, ಬುಧವಾರ

ಬರೆಯಬೇಕು. ಬರೆಯದಿದ್ದರೆ ಬೇರೆಯವರು ಬೇರೆ ರೀತಿ ಹೇಳುತ್ತಾರೆ.

ನಿನ್ನೆ ಬೆಳಗ್ಗೆ ಏಳರ ಹೊತ್ತಿಗೆ ಸಂಘಮಿತ್ರಳ ತೊಡೆಯ ಮೇಲೆ ತಲೆಯಿಟ್ಟು ಹೋದ. ನಾನು ಅಕ್ಷತಳಿಗೆ ಫೋನು ಮಾಡಿದೆ. ಅವಳು ಪಾಪ ಅತ್ತೇಬಿಟ್ಟಳು. "ಅಕ್ಕ, ಇವತ್ತು ನಾಳೆ ಆಡಿಟ್. ಫಾರಿನ್‌ನಿಂದ ಬಂದಿದ್ದಾರೆ. ಇರುವೆ ಕೂಡ ಒಳಗೆ ಬರೋ ಹಾಗಿಲ್ಲ. ನಾಳಿದ್ದು ಬೆಳಿಗ್ಗೆ ನಾನೇ ಮುಂದೆ ನಿಂತು ಮಾಡಿಸ್ತೀನಿ. ಅಲ್ಲಿವರ್ಗೂ ಫ್ರೀಜರ್ ಬಾಕ್ಸ್ ಕಳಿಸ್ಕೊಡ್ಲಾ?"

ಇದನ್ನು ಹೇಳಿದಾಗ ಬೈರಣ್ಣ ಉಗಿದ. "ತಣ್ಣಗಿಡಾದ್ರಲ್ಲಿ ಅವ್ರನ್ನ ಬಿಟ್ರಿಲ್ಲ ಬಿಡು!" ನನ್ನನ್ನು ಕೇಳದೆಯೇ ಚಟ್ಟ ಕಟ್ಟಿಸಿದ. ತಮಟೆ ಮುಂದೆ, ಅಪ್ಪ ಹಿಂದೆ. ಮಧ್ಯಾಹ್ನದ ಹೊತ್ತಿಗೆ ಗೇಟಿನ ಮುಂದೆ ಚಟ್ಟ ಇಳಿಸಿದರು. ಗೇಟಿನ ಆಚೆ ಗೋಪಾಲಪ್ಪ ಲಾಠಿ ಹಿಡಿದು ನಿಂತಿದ್ದ. ಕಣ್ಣಲ್ಲಿ ನೀರು, ಕೈಯಲ್ಲಿ ಲಾಠಿ.

ಎತ್ತಿದ ಹೆಣ ಮನೆಗೆ ವಾಪಸು ಹೋಗಬಾರದು. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು. ಅದು ಎಲ್ಲರಿಗೂ ಗೊತ್ತು.

ಬೈರಣ್ಣ ಹಾರೆ ತಂದಿದ್ದ. "ಹನ್ನೆರಡು ಜನ ಸಾಕು ಈ ಗೇಟಿಗೆ. ನೀನು ಹೂಂ ಅನ್ನಕ್ಕ. ಒಂದು ಹೂಂ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಸುತ್ತ ನೋಡಿದೆ. ಅರ್ಧ ಮನೆಯವರು ಒಳಗೆ ಪಾಳಿಯಲ್ಲಿದ್ದರು, ಅವರ ಫೋನುಗಳು ಪೆಟ್ಟಿಗೆಯಲ್ಲಿದ್ದವು. ಗೇಟು ಮುರಿದರೆ ಕೆಲಸ ಹೋಗುವುದು ಅವರದ್ದು. ಅವರನ್ನು ಕೇಳದೆ ಅವರ ಅನ್ನ ಕಿತ್ತುಕೊಳ್ಳಲು ನಾನು ಯಾರು?

"ಮನೆಗೊಬ್ರಿಲ್ಲ ಬೈರಣ್ಣ" ಅಂದೆ. "ತೀರ್ಮಾನ ಇಲ್ದೆ ಕೈ ಹಾಕೋ ಹಾಗಿಲ್ಲ. ಇದು ಅಪ್ಪನೇ ಕಲಿಸಿದ್ದು."

ಸಂಘಮಿತ್ರ ಚಟ್ಟದ ಹತ್ತಿರ ಕೂತಿದ್ದವಳು ತಲೆ ಎತ್ತಿದಳು. "ತಾತ ಎದ್ದಿದ್ದಿದ್ರೆ ಆ ಹಾರೆ ಮೊದ್ಲು ಅವ್ರ ಕೈಲಿರ್ತಿತ್ತಮ್ಮ."

"ಎದ್ದಿಲ್ವಲ್ಲ" ಅಂದೆ. ಯಾಕೆ ಹಾಗಂದೆನೋ.

ಬೈರಣ್ಣ ಹಾರೆ ಹೆಗಲಿಗೇರಿಸಿದ. "ಹಂಗಾದ್ರೆ ಇದು ಗುಂಡಿ ತೋಡಾಕಾದ್ರೂ ಆಯ್ತದೆ" ಅಂದ. ಕೆರೆಯಂಚಿನ ನೀಲಗಿರಿ ತೋಪಿನಲ್ಲಿ ಅಪ್ಪನನ್ನು ಇಟ್ಟೆವು. ಬೇರು ಕಡಿದು ಕಡಿದು ಸಾಕಾಯಿತು. ಮೇಲೆ ವಿಮಾನಗಳು ಇಳಿಯುತ್ತಿದ್ದವು, ಒಂದರ ಹಿಂದೆ ಒಂದು.

ನಾನು ಕೇಳುವ ಮೊದಲೇ ನಾಲ್ಕು ದಿನ ರಜೆ ಕೊಟ್ಟರು. ಹೂವಿನ ಹಾರವೂ ಬಂತು.

ಆಗಸ್ಟ್ 24, ಗುರುವಾರ

ಮೂರನೇ ದಿನ. ಹಾಲುತುಪ್ಪ ಬಿಟ್ಟೆವು. ಹಾಲು ಇಂಗಲಿಲ್ಲ, ಹಾಗೇ ನಿಂತಿತ್ತು. ನೀಲಗಿರಿಯ ನೆಲ.

ಸಂಘಮಿತ್ರ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ.

ಆಡಿಟ್ ಚೆನ್ನಾಗಿ ಆಯಿತಂತೆ.

ಅಕ್ಟೋಬರ್ 14, ಶನಿವಾರ

ಮಹಾಲಯ ಅಮಾವಾಸ್ಯೆ. ಕೊಟ್ಟ ಮಾತಿನಂತೆ ಕಾರ್ಡಿರುವವರನ್ನು ಸ್ಮಶಾನಕ್ಕೆ ಬಿಟ್ಟರು. ಇದನ್ನು ಒಪ್ಪಿಕೊಳ್ಳಲೇಬೇಕು, ಮಾತು ಉಳಿಸಿಕೊಂಡರು. ಎಲ್ಲರಿಗೂ ಹೆಲ್ಮೆಟ್ಟು, ಹಳದಿ ಜಾಕೆಟ್ಟು ಕೊಟ್ಟಿದ್ದರು. ಜನರೇಟರುಗಳ ಹತ್ತಿರ ಕರ್ಪೂರ ಹಚ್ಚುವಂತಿರಲಿಲ್ಲ, ಡೀಸೆಲ್ ಇರುವ ಜಾಗ, ಅದು ಎಲ್ಲರ ಒಳ್ಳೆಯದಕ್ಕೇ. ಹಚ್ಚಿದಂತೆ ಕೈ ತಿರುಗಿಸಿದೆವು.

ಅವ್ವನ ದಿಬ್ಬ ಸ್ವಲ್ಪ ಕುಸಿದಿದೆ. ಪಕ್ಕದಲ್ಲಿ ಅಪ್ಪ ಬಿಟ್ಟಿದ್ದ ಜಾಗದಲ್ಲಿ ಕೇಬಲ್ ಹೋಗಿದೆ. ಮೇಲೆ ಕಾಂಕ್ರೀಟಿನ ಮುಚ್ಚಳ, ಅಚ್ಚುಕಟ್ಟಾಗಿ ಮಾಡಿದ್ದಾರೆ. ಸಮತಟ್ಟಾಗಿರುವುದರಿಂದ ಎಡೆಯ ಎಲೆ ಇಡಲು ಅನುಕೂಲವಾಯಿತು.

ಕೆರೆಯಂಚಿಗೆ ಹೋಗಲಾಗಲಿಲ್ಲ. ಪಾಳಿ ಶುರುವಾಗಿತ್ತು. ಸಂಘಮಿತ್ರ ಹೋಗಿದ್ದಳಂತೆ, ಬೈರಣ್ಣನ ಜೊತೆ.

ನವೆಂಬರ್ 5, ಭಾನುವಾರ

ಹೋರಾಟ ಸಮಿತಿ ಅನ್ನುವ ಹೆಸರು ಕೇಳಿದರೆ ಮೇಲಿನವರು ಹೆದರುತ್ತಾರೆ ಅಂತ ಅಕ್ಷತ ಹೇಳಿದ್ದು ಸರಿ. ಹೆಸರಿನಲ್ಲೇನಿದೆ? ಸಮನ್ವಯ ಸಮಿತಿ ಅಂತ ಮಾಡಿಕೊಂಡೆವು. ಎಲ್ಲ ಕೈಗಳೂ ಎದ್ದವು.

ಸಂಘಮಿತ್ರ ಬಟ್ಟೆ ತೆಗೆದುಕೊಂಡು ಬೈರಣ್ಣನ ಮನೆಗೆ ಹೋಗಿದ್ದಾಳೆ. ಹೊಸಿಲಲ್ಲಿ ನಿಂತು, "ನೀನು ಯಾರ ಸಂಚಾಲಕಿ ಅಮ್ಮ?" ಅಂತ ಕೇಳಿದಳು. ಜನರ ಸಂಚಾಲಕಿ ಅಂದೆ. ಇನ್ನೇನು ಹೇಳಬೇಕಿತ್ತು? ನನ್ನ ಹಾಗೆ ಮನೆ ಮನೆಯನ್ನೂ ಒಂದೆಡೆ ಕೂರಿಸಿದವರು ಬೇರೆ ಯಾರಿದ್ದಾರೆ?

ನವೆಂಬರ್ 22, ಬುಧವಾರ

ಕಂಪನಿ ಮೂರನೇ ಕಟ್ಟಡ ಕಟ್ಟುತ್ತದೆ. ಹಾಲ್‌ಗಳೆಲ್ಲ ತುಂಬಿವೆ, ನಮಗೆ ಜಾಗ ಸಾಲದು. ಹಿಂದಿನ ಅಂಗಳವೂ ಸ್ಮಶಾನವೂ ಅದಕ್ಕೆ ಬೇಕು. ಹಿರಿಯರನ್ನು ಗೌರವದಿಂದ ಎತ್ತಿ ಕೆರೆಯಂಚಿನ ತೋಪಿಗೆ ಸಾಗಿಸುತ್ತಾರೆ. ಪೂಜೆ, ಹೊಸ ಬಟ್ಟೆ, ಹೆಸರು ಬರೆದ ಕಲ್ಲು, ಎಲ್ಲ ಅವರದ್ದೇ. ಅವ್ವನನ್ನು ಅಪ್ಪನ ಪಕ್ಕದಲ್ಲೇ ಇಡಿಸಿಕೊಡುತ್ತೇನೆ ಅಂತ ಅಕ್ಷತ ತಾನಾಗಿಯೇ ಹೇಳಿದಳು. ಕೇಳಿ ಕಣ್ಣು ತುಂಬಿತು. ಅಪ್ಪನಿಗೆ ಕೊಟ್ಟ ಮಾತು ಹೀಗಾದರೂ ನಡೆಯಲಿ.

ಬೇವಿನ ಮರದ ಕೆಳಗೆ ದಿನವೂ ಹತ್ತು ಹನ್ನೆರಡು ಜನ ಕೂರುತ್ತಿದ್ದಾರೆ. ಸಂಘಮಿತ್ರ ತಮಟೆ ಬಡಿಯುತ್ತಾಳೆ. ಮನೆಗೊಬ್ಬರಿಲ್ಲದ್ದರಿಂದ ಅದನ್ನು ಸಭೆ ಅನ್ನಲಾಗದು.

ನಮ್ಮ ಸಭೆಗೆ ಎಲ್ಲರೂ ಬರುವುದು ಖಚಿತವಾಗಿದೆ. ಪಾಳಿ ಹೊಂದಿಸಿದ್ದಾರೆ, ವ್ಯಾನ್ ವ್ಯವಸ್ಥೆಯಿದೆ. ಒಂದೇ ವಿಷಯ: ಸ್ಮಶಾನದ ಸ್ಥಳಾಂತರ. ಎರಡನೇ ಕಟ್ಟಡ, ಮೀಟಿಂಗ್ ರೂಮ್. ಕಾರ್ಡು ಕಡ್ಡಾಯ. ನವೆಂಬರ್ 28, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.